ಹಸಿರು ಕಿವಿ ಹಣ್ಣು, ಹಳದಿ ಕಿವಿ ಹಣ್ಣು: ಕಿತ್ತಳೆಯ ಪಕ್ಕದಲ್ಲಿಟ್ಟು ಒಂದು ವಿಮರ್ಶೆ

ಕಿವಿ ಹಣ್ಣಿನ ಮೇಲಿನ ದೂರುಗಳಲ್ಲಿ ಹೆಚ್ಚಿನವು ಹಣ್ಣಿನ ತಪ್ಪಲ್ಲ. ಹುಳಿ ಇದೆ, ವಿಟಮಿನ್ ಸಿ ಇದೆ, ಹಾಗಾಗಿ ಇದೂ ಕಿತ್ತಳೆ, ನಿಂಬೆಯ ಬಳಗದ್ದೇ ಎಂದುಕೊಂಡು ತಂದ ದಿನವೇ ಕತ್ತರಿಸುತ್ತಾರೆ. ನಾಲಿಗೆ ಚುರುಗುಟ್ಟುತ್ತದೆ. ಹಾಲಿಗೆ ಹಾಕಿಟ್ಟರೆ ಕಹಿಯಾಗುತ್ತದೆ. ಇದು ಸಿಟ್ರಸ್ ಅಲ್ಲವೇ ಅಲ್ಲ. ಅದು ತಿಳಿದ ಮೇಲೆ ಈ ಹಣ್ಣಿಗೆ ಒಳ್ಳೆಯ ಅಂಕ ಕೊಡಲೇಬೇಕು.

ಕಿವಿ ಹಣ್ಣು ಬಿಡುವುದು ಬಳ್ಳಿಯಲ್ಲಿ. ಆಕ್ಟಿನಿಡಿಯೇಸೀ ಕುಟುಂಬ, ಎರಿಕೇಲ್ಸ್ ಗಣ (ಗಣ ಎಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪು). ಚಹಾ, ಬ್ಲೂಬೆರಿ, ಸಪೋಟ ಕೂಡ ಇದೇ ಗಣದವು. ಕಿತ್ತಳೆ, ನಿಂಬೆ, ಮೂಸಂಬಿ, ಚಕ್ಕೋತಗಳದು ರೂಟೇಸೀ ಕುಟುಂಬ, ಸ್ಯಾಪಿಂಡೇಲ್ಸ್ ಗಣ. ಕರಿಬೇವು, ಬಿಲ್ವಗಳು ಅದೇ ಕುಟುಂಬದವು, ಮಾವು ಅದೇ ಗಣದ್ದು. ಎಂದರೆ ಕಿತ್ತಳೆಗೆ ಕಿವಿ ಹಣ್ಣಿಗಿಂತ ಮಾವೇ ಹತ್ತಿರದ ನೆಂಟ! ಕಿವಿ, ಕಿತ್ತಳೆ ಎರಡೂ ಸಸ್ಯಶಾಸ್ತ್ರ ಬೆರಿ ಎನ್ನುವ ತಿರುಳುಳ್ಳ ಬಗೆಯ ಹಣ್ಣುಗಳು ನಿಜ. ಆದರೆ ಸಿಟ್ರಸ್‌ನದು ಹೆಸ್ಪೆರಿಡಿಯಂ ಎಂಬ ವಿಶೇಷ ರಚನೆ: ಸಿಪ್ಪೆಯಲ್ಲಿ ಎಣ್ಣೆಯ ಗ್ರಂಥಿಗಳು, ಒಳಗೆ ಬಿಡಿಸಿ ತಿನ್ನುವ ತೊಳೆಗಳು. ಸಿಪ್ಪೆಗೆ ಉಗುರು ತಾಗಿಸಿದರೆ ಕಿತ್ತಳೆ ಘಮ್ಮೆನ್ನುತ್ತದೆ, ಕಿವಿ ಹಣ್ಣಿನಲ್ಲಿ ಆ ಎಣ್ಣೆಯೇ ಇಲ್ಲ. ಸಿಟ್ರಿಕ್ ಆಮ್ಲವೇನೋ ಇದೆ, ಜೊತೆಗೆ ಅಷ್ಟೇ ಮುಖ್ಯವಾಗಿ ಕ್ವಿನಿಕ್ ಆಮ್ಲವೂ ಇದೆ. ಆದ್ದರಿಂದ ನಿಂಬೆಯ ಬದಲಿಗೆ ಇದನ್ನು ಹಿಂಡುವುದರಲ್ಲಿ ಅರ್ಥವಿಲ್ಲ. ಅಷ್ಟು ಹುಳಿಯೂ ಬರದು, ಆ ಪರಿಮಳವೂ ಬರದು.

ಮಾರಾಟಕ್ಕೆ ಬರುವುದು ಮುಖ್ಯವಾಗಿ ಎರಡು ಬಗೆ. ಕಂದು ರೋಮದ ಹಸಿರು ಹಣ್ಣು ಆಕ್ಟಿನಿಡಿಯಾ ಡೆಲಿಸಿಯೋಸಾ, ಅದರಲ್ಲೂ ಹೇವರ್ಡ್ ತಳಿ. ನುಣುಪು ಸಿಪ್ಪೆಯ ಹಳದಿ ಹಣ್ಣು ಆಕ್ಟಿನಿಡಿಯಾ ಚೈನೆನ್ಸಿಸ್. ಎರಡರ ಮೂಲವೂ ಚೀನಾ. ಬೀಜ ನ್ಯೂಜಿಲೆಂಡ್ ತಲುಪಿದ್ದು 1904ರಲ್ಲಿ, ಈಗಿನ ಹೆಸರು ಅಂಟಿದ್ದು 1959ರಲ್ಲಿ.

ಬಳಸುವವರಿಗೆ ನಿಜವಾದ ವ್ಯತ್ಯಾಸ ಇರುವುದು ಮಾಗುವಿಕೆಯಲ್ಲಿ. ಕಿತ್ತಳೆ ಮರದಿಂದ ಕಿತ್ತ ಮೇಲೆ ಇನ್ನಷ್ಟು ಸಿಹಿಯಾಗುವುದಿಲ್ಲ. ಕೊಂಡ ದಿನ ಹೇಗಿತ್ತೋ ಹಾಗೇ. ಕಿವಿ ಹಣ್ಣನ್ನು ಗಟ್ಟಿ ಕಾಯಾಗಿದ್ದಾಗಲೇ ಕೀಳುತ್ತಾರೆ, ಒಳಗಿನ ಪಿಷ್ಟ ಸಕ್ಕರೆಯಾಗುವುದು ಆಮೇಲೆ. ಗಟ್ಟಿ ಕಾಯಿ ಸಿಕ್ಕರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಅಥವಾ ಸೇಬಿನ ಜೊತೆ ಹೊರಗೇ ಇಡಿ. ಅವು ಬಿಡುವ ಎಥಿಲೀನ್ ಅನಿಲದಿಂದ ಎರಡರಿಂದ ನಾಲ್ಕು ದಿನದಲ್ಲಿ ಹದಕ್ಕೆ ಬರುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ತೇವ ನಿಂತು ಬೂಸ್ಟು ಹಿಡಿಯುತ್ತದೆ. ತೊಟ್ಟಿನ ಹತ್ತಿರ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ನೋಡಿ, ನಡುಭಾಗ ಒತ್ತಿದರೆ ಅಲ್ಲೇ ಕಂದುತ್ತದೆ. ಸ್ವಲ್ಪ ಬಗ್ಗಿದರೆ ಹದ. ಕೂಡಲೇ ಫ್ರಿಜ್‌ಗೆ ಹಾಕಿದರೆ ಸುಮಾರು ಒಂದು ವಾರ ಉಳಿಯುತ್ತದೆ, ಆದರೆ ಅಲ್ಲಿ ಸೇಬಿನ ಪಕ್ಕ ಬೇಡ. ಸುಕ್ಕುಗಟ್ಟಿದ್ದನ್ನು, ಹೆಂಡದ ವಾಸನೆ ಬರುವುದನ್ನು ಕೊಳ್ಳಲೇಬೇಡಿ.

ಅಡುಗೆಮನೆಯಲ್ಲಿ ಕೈಕೊಡುವುದು ಹಸಿರು ಹಣ್ಣಿನ ಆಕ್ಟಿನಿಡಿನ್ ಎಂಬ ಕಿಣ್ವ. ಇದು ಪ್ರೋಟೀನನ್ನು ಒಡೆಯುತ್ತದೆ. ಅದಕ್ಕೇ ಹಾಲು, ಮೊಸರಿನಲ್ಲಿ ಬೆರೆಸಿಟ್ಟರೆ ಹೊತ್ತು ಕಳೆದಂತೆ ಕಹಿ, ಜೆಲಾಟಿನ್ ಎಂಬ ಪ್ರೋಟೀನ್ ಹಾಕಿದ ಜೆಲ್ಲಿ ಕಟ್ಟುವುದೇ ಇಲ್ಲ. ತಿನ್ನುವ ಮುಂಚೆಯಷ್ಟೇ ಬೆರೆಸಿ. ಜೆಲ್ಲಿಗೆ ಕಡಲಪಾಚಿಯಿಂದ ಮಾಡಿದ, ಪ್ರೋಟೀನ್ ಅಲ್ಲದ ಅಗರ್ ಬಳಸಿ, ಇಲ್ಲವೇ ಹೋಳುಗಳನ್ನು ಐದು ನಿಮಿಷ ಕುದಿಸಿ ಹಾಕಿ. ಕುದಿಸಿದರೆ ಹಸಿರು ಮಾಸಿ ಮಂಕಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಹಳದಿ ಹಣ್ಣಿನಲ್ಲಿ ಈ ಕಿಣ್ವ ತೀರಾ ಕಡಿಮೆ, ಹಾಗಾಗಿ ಹಾಲಿನ ತಿನಿಸಿಗೆ ಅದೇ ಮೇಲು. ಮಿಕ್ಸಿಯಲ್ಲಿ ಎರಡು ಸುತ್ತು ಸಾಕು, ಬೀಜ ಅರೆದುಹೋದರೆ ರುಚಿ ಕೆಡುತ್ತದೆ.

ವಿಟಮಿನ್ ಸಿ ವಿಷಯದಲ್ಲಿ ಕಿತ್ತಳೆ ಸೋಲುತ್ತದೆ. 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 53 ಮಿಲಿಗ್ರಾಂ. ಹಸಿರು ಕಿವಿ ಹಣ್ಣಿನಲ್ಲಿ 75ರಿಂದ 93. ಹಳದಿಯ ಸನ್‌ಗೋಲ್ಡ್ ತಳಿಯಲ್ಲಿ ಸುಮಾರು 160. ನಾರಿನಲ್ಲಿ ಮಾತ್ರ ಹಸಿರೇ ಮುಂದು, 100 ಗ್ರಾಂಗೆ ಸುಮಾರು 3 ಗ್ರಾಂ. ರುಚಿಗೆ ಹಳದಿ, ಹೊಟ್ಟೆ ಸಲೀಸಾಗಲು ಹಸಿರು ಎಂಬುದು ನಮ್ಮ ಆಯ್ಕೆ. ರಸ ಹಿಂಡಿ ಕುಡಿಯುವುದಾದರೆ ಕಿತ್ತಳೆಯೇ ಸರಿ.

ನಾಲಿಗೆ ಚುರುಗುಟ್ಟುವುದಕ್ಕೆ ಆ ಕಿಣ್ವದ ಜೊತೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೂ ಕಾರಣ. ತುಟಿ ಊದಿಕೊಂಡರೆ, ಗಂಟಲು ಬಿಗಿದರೆ ಅದು ಬೇರೆ ಮಾತು, ಅಲರ್ಜಿ ಇರಬಹುದು. ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಲ್ಯಾಟೆಕ್ಸ್ ರಬ್ಬರ್ ಆಗದವರಿಗೆ ಈ ಅಪಾಯ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಕಿತ್ತಳೆಯ ಬದಲು ದಿನವೂ ಹಸಿರು ಕಿವಿ ಹಣ್ಣು ತಿನ್ನಲು ಶುರು ಮಾಡುವ ಮುನ್ನ ವೈದ್ಯರಿಗೆ ತಿಳಿಸಬೇಕು. ರಕ್ತ ಹೆಪ್ಪುಗಟ್ಟಲು ನೆರವಾಗುವ, ಕಿತ್ತಳೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ವಿಟಮಿನ್ ಕೆ ಇದರಲ್ಲಿ 100 ಗ್ರಾಂಗೆ ಸುಮಾರು 40 ಮೈಕ್ರೋಗ್ರಾಂ ಇದೆ.