ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಆರು ಗಂಟೆ ಗ್ಯಾಪ್: ದೇವನಹಳ್ಳಿ ಕೋಟೆನಾ, ಭೋಗನಂದೀಶ್ವರನಾ, ನಂದಿ ಬೆಟ್ಟನಾ?

ಟಿಕೆಟ್ ಬುಕಿಂಗ್ ಕೆಲಸದಲ್ಲೇ ನನ್ನ ತಲೆ ಬೆಳ್ಳಗಾಗಿದೆ. ದುಬೈಯಿಂದಲೋ ಲಂಡನ್ನಿಂದಲೋ ಬಂದು ಬೆಂಗಳೂರಿನಲ್ಲಿ ಇಳಿದು, ಹುಬ್ಬಳ್ಳಿಗೋ ಮಂಗಳೂರಿಗೋ ಇನ್ನೊಂದು ವಿಮಾನ ಹಿಡಿಯುವವರು ಕೇಳೋದು ಒಂದೇ ಪ್ರಶ್ನೆ: "ನಡುವೆ ಆರು ಗಂಟೆ ಇದೆ ಸರ್, ಎಲ್ಲಾದರೂ ಹೋಗಿ ಬರಬಹುದಾ?" ಖಂಡಿತ ಹೋಗಬಹುದು. ಆದರೆ ಹೆಚ್ಚಿನವರು ಕೂಡಲೇ ನಂದಿ ಬೆಟ್ಟ ಅನ್ನುತ್ತಾರೆ, ನಾನು ಬೇಡ ಅನ್ನುತ್ತೇನೆ. ಮೂರೂ ಕಡೆ ಇಂಥ ಗ್ಯಾಪ್‌ನಲ್ಲೇ ಹೋಗಿ ನೋಡಿ ಹೇಳುತ್ತಿರುವ ಮಾತು ಇದು.

ಮೊದಲು ಟೈಮ್ ಲೆಕ್ಕ ಹಾಕಿ. ಹೊರದೇಶದಿಂದ ಬಂದರೆ ಇಮಿಗ್ರೇಷನ್ ಆಗಬೇಕು, ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು, ಅಷ್ಟಕ್ಕೇ ಒಂದು ಗಂಟೆ ಹೋಯಿತು. ಎರಡೂ ವಿಮಾನಕ್ಕೆ ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್) ಇದ್ದರೆ ಹೊರಗೆ ಬರುವ ಮೊದಲು ಮುಂದಿನ ವಿಮಾನದ ಬ್ಯಾಗ್ ಅಲ್ಲೇ ಕೊಡಬಹುದಾ ಅಂತ ಕೇಳಿ. ಅವರು ಬ್ಯಾಗ್ ತೆಗೆದುಕೊಂಡರೆ ಕೈ ಖಾಲಿ, ಆರಾಮ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಬ್ಯಾಗ್ ನಿಮ್ಮ ಜೊತೆಗೇ ಸುತ್ತಬೇಕು, ಅಷ್ಟೇ ಅಲ್ಲ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ದುಡ್ಡಿಗೂ ನೀವೇ ಹೊಣೆ. ನೂರಿನ್ನೂರು ರೂಪಾಯಿ ಉಳಿಯುತ್ತೆ ಅಂತ ಟಿಕೆಟ್ ಒಡೆದು ಮಾಡಿಸಬೇಡಿ. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಗೇಟ್ 25 ನಿಮಿಷ ಮೊದಲು. ಇಂಟರ್‌ನ್ಯಾಷನಲ್ ವಿಮಾನ ಟರ್ಮಿನಲ್ 2ಕ್ಕೆ ಬರುತ್ತದೆ, ಮುಂದಿನದು ಟರ್ಮಿನಲ್ 1ರಿಂದಲೂ ಇರಬಹುದು, ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಎರಡು ಗಂಟೆ ಮೊದಲು ವಾಪಸ್ ಬಂದಿರಬೇಕು. ಅಂದರೆ ಆರರಲ್ಲಿ ನಿಮಗೆ ಸಿಗೋದು ಮೂರೇ ಗಂಟೆ.

ಈ ಮೂರು ಗಂಟೆಗೆ ನಂದಿ ಬೆಟ್ಟ ಹೊಂದುವುದಿಲ್ಲ. 1478 ಮೀಟರ್ ಎತ್ತರ, ಬೆಳಗಿನ ಜಾವದ ಮೋಡ, ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆಯಂಚು, ಎಲ್ಲ ನಿಜ. ಆದರೆ ಆ ಮೋಡ ಕಾಣಬೇಕಾದರೆ ಸೂರ್ಯ ಹುಟ್ಟುವ ಹೊತ್ತಿಗೆ ಮೇಲಿರಬೇಕು. ಹನ್ನೊಂದು ಗಂಟೆಗೆ ಹೋದರೆ ಬಿಸಿಲು, ಬಂಡೆ, ಜನ. ಶನಿವಾರ ಭಾನುವಾರವಂತೂ ಘಾಟಿ ತಿರುವಿನಲ್ಲಿ ಕಾರು ನಿಂತರೆ ನಿಂತೇ ಬಿಡುತ್ತದೆ, ಹಿಂದೆಯೂ ಬರೋ ಹಾಗಿಲ್ಲ ಮುಂದೆಯೂ ಹೋಗೋ ಹಾಗಿಲ್ಲ, ವಿಮಾನದ ಟೈಮ್ ನೋಡುತ್ತಾ ಕೂರಬೇಕು. ರಾತ್ರಿ ಉಳಿಯುವವರಿಗೆ ಬೆಟ್ಟ ಚೆನ್ನ.

ದೇವನಹಳ್ಳಿ ಕೋಟೆ ಇದಕ್ಕೆ ಪೂರ್ತಿ ಉಲ್ಟಾ. ಇಪ್ಪತ್ತು ನಿಮಿಷದ ದಾರಿ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ, ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು, 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಕೈಗೆ ಹೋಯಿತು. ಒಳಗೆ ಇವತ್ತಿಗೂ ಜನ ವಾಸ ಇದ್ದಾರೆ, ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ. ಟಿಪ್ಪು ಹುಟ್ಟಿದ ಜಾಗದಲ್ಲಿರುವುದು ಒಂದು ಸಣ್ಣ ಕಲ್ಲಿನ ಮಂಟಪ ಮಾತ್ರ, ಅರಮನೆ ಇರುತ್ತೆ ಅಂದುಕೊಂಡು ಹೋಗಬೇಡಿ. ಎಲ್ಲ ಸೇರಿ ಮುಕ್ಕಾಲು ಗಂಟೆ ಸಾಕು. ಗ್ಯಾಪ್ ನಾಲ್ಕೂವರೆ, ಐದು ಗಂಟೆ ಇದ್ದವರಿಗೆ ನಾನು ಹೇಳೋದು ಇದನ್ನೇ.

ಆರು ಗಂಟೆ ಪೂರ್ತಿ ಇದ್ದರೆ ಮಾತ್ರ ಕಣ್ಣು ಮುಚ್ಚಿಕೊಂಡು ಭೋಗನಂದೀಶ್ವರಕ್ಕೆ ಹೋಗಿ. ಬೆಟ್ಟದ ಬುಡದಲ್ಲೇ, ನಂದಿ ಗ್ರಾಮದಲ್ಲಿದೆ. ಘಾಟಿ ಹತ್ತೋದಿಲ್ಲ, ಮುಕ್ಕಾಲು ಗಂಟೆಯಲ್ಲಿ ಬಾಗಿಲಲ್ಲಿ ಇಳಿಯಬಹುದು. ಒಂಬತ್ತನೇ ಶತಮಾನದಷ್ಟು ಹಳೆಯ ಗುಡಿ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ಎರಡರ ಮಧ್ಯೆ ಆಮೇಲೆ ಸೇರಿಸಿದ ಉಮಾಮಹೇಶ್ವರ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಕಂಬಗಳು ಕರಿಕಲ್ಲಿನವು, ಬಳ್ಳಿ ಹಬ್ಬಿದ ಹಾಗೆ ಕೆತ್ತನೆ, ಬಳ್ಳಿ ನಡುವೆ ಗಿಣಿಗಳು. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗಿನ ಕಲ್ಲು ಕಾಲಿಗೆ ತಣ್ಣಗೆ ತಾಗುತ್ತದೆ. ಎಂಟು ಹತ್ತು ಗಂಟೆ ಸೀಟಿನಲ್ಲಿ ಮುದುರಿ ಕೂತು ಬಂದವರಿಗೆ ಆ ಪ್ರಾಕಾರದಲ್ಲಿ ಎರಡು ಸುತ್ತು ನಡೆದರೆ ಮೈ ಸಡಿಲವಾಗುತ್ತದೆ. ಆಮೇಲೆ ಪಕ್ಕದ ದೊಡ್ಡ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಬಹುದು, ಹತ್ತುವ ಕಷ್ಟ ಇಲ್ಲ.

ಗ್ಯಾಪ್ ನಾಲ್ಕು ಗಂಟೆಗಿಂತ ಕಡಿಮೆಯಾ? ಟರ್ಮಿನಲ್ ಬಿಟ್ಟು ಹೊರಗೆ ಹೋಗಲೇಬೇಡಿ.

ಎಲ್ಲಿಗೇ ಹೋದರೂ ಕಾರನ್ನು ಗಂಟೆ ಲೆಕ್ಕದಲ್ಲಿ ಹೋಗಿಬರುವುದಕ್ಕೆ ಸೇರಿಸಿಯೇ ಮಾತಾಡಿ, ಡ್ರೈವರ್ ಅಲ್ಲೇ ಕಾಯಲಿ. ಆ್ಯಪ್‌ನಲ್ಲಿ ಒಂದು ಕಡೆಗೆ ಬುಕ್ ಮಾಡಿ ಇಳಿದರೆ ನಂದಿ ಗ್ರಾಮದಿಂದ ವಾಪಸ್ ಗಾಡಿ ಸಿಗೋದು ಕಷ್ಟ. ದಾರಿಯಲ್ಲಿ ದೇವನಹಳ್ಳಿ ಚಕ್ಕೋತ ಸಿಕ್ಕರೆ ಒಂದೆರಡು ತೆಗೆದುಕೊಳ್ಳಿ, ಆ ಊರಿನದೇ ಬೆಳೆ ಅಂತ ಜಿಐ ಗುರುತು ಸಿಕ್ಕಿರುವ ಹಣ್ಣು ಅದು, ಕೈಬ್ಯಾಗಿನಲ್ಲೇ ಒಯ್ಯಬಹುದು. ಊರಿಗೆ ಅಂತ ಒಣಕೊಬ್ಬರಿ ಮಾತ್ರ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ಚೆಕ್-ಇನ್ ಬ್ಯಾಗಿನಿಂದಲೂ ತೆಗೆಸುತ್ತಾರೆ. ಪವರ್ ಬ್ಯಾಂಕ್ ಯಾವಾಗಲೂ ಕೈಬ್ಯಾಗಿನಲ್ಲೇ ಇರಲಿ.