ಬೀದರದಾಗ ಹೊಸ ವಿಶ್ವಾಸಿಗಳಿಗೆ ನಡೆಸೋ ದೀಕ್ಷಾಸ್ನಾನದ ಕ್ಲಾಸ್: ನಾ ನೋಡಿದ್ದು, ಕೇಳಿದ್ದು

ದೀಕ್ಷಾಸ್ನಾನ, ಅಂದ್ರ ಕ್ರೈಸ್ತರ ಬ್ಯಾಪ್ಟಿಸಮ್, ಕೊಡೋ ಸಭೆಗಳು (ಚರ್ಚುಗಳು) ನಮ್ ಬೀದರ ಕಡಿ ಬೇಕಾದಷ್ಟು ಅವ, ಆದ್ರ ನೀರಾಗ ಇಳಿಸೋಕಿಂತ ಮೊದಲ ಕೂಡಿಸ್ಕೊಂಡು ಸಮಾಧಾನಲೆ ಅರ್ಥ ಹೇಳೋರು ಕಡಿಮಿ, ಅದ್ಕೇ ಇದನ್ನ ಬರ್ಯಾಕತ್ತೀನಿ. ನೌಬಾದ್ ಕಡಿ ಇರೋ ಸಣ್ಣ ಸಭೆ ಇದು, ಮ್ಯಾಲ ತಗಡು, ಕೆಳಗ ಶಾಬಾದಿ ಕಲ್ಲು, ಪ್ಲಾಸ್ಟಿಕ್ ಖುರ್ಚಿ, ಅಷ್ಟೇ. ಕ್ಲಾಸ್ ಶನಿವಾರ ಸಂಜಿಮುಂದ. ನಮ್ ಚಿಕ್ಕಮ್ಮ ಈ ಬ್ಯಾಸಿಗ್ಯಾಗ ಅಲ್ಲೇ ದೀಕ್ಷಾಸ್ನಾನ ತಗೊಂಡ್ರು, ಅವ್ರಿಗಿ ಓದ್ಲಿಕ್ಕ ಬರಂಗಿಲ್ಲ, ಹಂಗಾಗಿ ಬೈಬಲ್ ವಚನ ತೆಗೆದು ಓದಿ ಹೇಳಾಕ ನಾನೂ ಬಾಜೂಕ ಕೂಡ್ತಿದ್ದೆ. ಫೀಸ್ ಅಂತ ಒಂದ್ ರೂಪಾಯಿ ಕೇಳಂಗಿಲ್ಲ. 5ಕ್ಕ 4 ಸ್ಟಾರ್ ಕೊಡ್ತೀನಿ, ಒಂದು ಯಾಕ ಹಿಡ್ದೀನಿ ಅಂತ ಮುಂದ ಹೇಳ್ತೀನಿ.

ನನಗ ಭಾಳ ಹಿಡಿಸಿದ್ದು ಅಂದ್ರ ಪಾಸ್ಟರ್ ಮೊದಲನೇ ದಿನಾನೇ ಪಾಠ ಶುರು ಮಾಡ್ಲಿಲ್ರಿ, ಒಬ್ಬೊಬ್ಬರಿಗೂ ನಿಮಗ ಇದು ಯಾಕ ಬೇಕು ಅಂತ ಕೇಳಿದ್ರು. ಒಬ್ರು ಜಡ್ಡು ವಾಸಿ ಆಯ್ತು ಅದ್ಕ ಅಂದ್ರು, ಒಂದ್ ಹುಡುಗ ಗೆಳೆಯರೆಲ್ಲ ತಗೊಂಡಾರ ಅಂದ, ಚಿಕ್ಕಮ್ಮ ನೀರಾಗ ಮುಳುಗಿದ್ರ ಪಾಪ ತೊಳೀತಾವಲ್ರೀ ಅಂದ್ರು. ಯಾರಿಗೂ ಬೈಲಿಲ್ಲ. ಈ ನೀರು ನಮ್ ಬೋರಿನ ನೀರೇ ಅವ್ವಾ, ಇದ್ರಾಗ ಏನೂ ಶಕ್ತಿ ಇಲ್ಲ, ತೊಳಿಯೋದು ಕ್ರಿಸ್ತನ ರಕ್ತ ಅಂತ ಹೇಳಿ, ಬೈಬಲಿನ 1 ಪೇತ್ರ 3:21 ಓದ್ಸಿದ್ರು, ಅದು ಮೈ ಕೊಳಿ ತೊಳಿಯೋ ಮಾತಲ್ಲ, ದೇವರ ಮುಂದ ಒಳ್ಳೇ ಮನಸ್ಸಾಕ್ಷಿಯ ಮಾತು ಅಂತ ಅಲ್ಲೇ ಬರ್ದದ. ಶಿಲುಬಿ ಮ್ಯಾಲ ಯೇಸುನ ಬಾಜೂಕ ಇದ್ದ ಕಳ್ಳ ನೀರು ನೋಡ್ಲೇ ಇಲ್ಲ, ಆದ್ರೂ ಅವತ್ತೇ ಪರದೈಸಿನ್ಯಾಗ (ಸ್ವರ್ಗದಾಗ) ನನ್ ಸಂಗಡ ಇರ್ತಿ ಅಂತ ಕರ್ತನ ಬಾಯಿಂದ ಕೇಳ್ದ.

ಹಂಗಾದ್ರ ಯಾಕ ತಗೋಬೇಕು ಅಂತ ಆ ಹುಡುಗನೇ ಕೇಳ್ದ. ಅದ್ಕ ಪಾಸ್ಟರ್ ತೆಗೆದಿದ್ದು ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ. ನೀರಿನ್ಯಾಗ ಮುಳುಗೋದು ಕ್ರಿಸ್ತನ ಜೊತಿ ಸತ್ತು ಹೂಳಿಸಿಕೊಂಡಂಗ, ಮ್ಯಾಲ ಎದ್ದು ಬರೋದು ಅವನ ಜೊತಿ ಹೊಸ ಜೀವಕ್ಕ ಬಂದಂಗ, ಮತ್ತ ಇದು ನಂಬಿದೋರು ಎಲ್ಲರ ಮುಂದ ನಿಂತು ಹೇಳೋ ಸಾಕ್ಷಿ, ಮತ್ತಾಯ 28:19ರಾಗ ಕರ್ತನೇ ಕೊಟ್ಟ ಅಪ್ಪಣೆ. ಚಿಕ್ಕಮ್ಮ ಸುಮ್ಮ ಕೂತಿದ್ದೋರು ಒಮ್ಮಿಗೇ, ಅಂದ್ರ ಹಳೇ ಮನುಷ್ಯಾಳ್ನ ಮಣ್ಣು ಮಾಡಿ ಬರೋದೇನ್ರೀ ಅಂದ್ರು. ಹೌದವ್ವಾ ಅಂದ್ರು ಪಾಸ್ಟರ್. ಅವ್ರೇ ಆಮ್ಯಾಲ ಇನ್ನೊಂದ್ ಕೇಳಿದ್ರು, ಯೇಸುಸ್ವಾಮಿ ಪಾಪಾನೇ ಮಾಡ್ಲಿಲ್ಲಂದ್ರ ಯೊರ್ದನ್ ಹೊಳಿಯಾಗ ಯೋಹಾನನ ಕೈಲೆ ಯಾಕ ತಗೊಂಡ್ರು? ನನಗೂ ಎಷ್ಟೋ ವರ್ಷದಿಂದ ಇದ್ದ ಪ್ರಶ್ನೆ ಅದು, ಯಾರಿಗೂ ಕೇಳಿದ್ದಿಲ್ಲ. ತಪ್ಪು ಮಾಡಿದೋರ ಸಾಲಿನ್ಯಾಗ ತಾನೂ ಬಂದು ನಿಂತ, ನಮ್ ಜೊತಿ ಒಂದಾಗಾಕ, ಅಂತ ಪಾಸ್ಟರ್ ಹೇಳಿದಾಗ ಚಿಕ್ಕಮ್ಮನ ಕಣ್ಣಾಗ ನೀರು ಬಂದ್ವು.

ಬೀದರದಾಗ ಮೆಥೋಡಿಸ್ಟ್ ಮನಿಗಳು ಭಾಳ, ಅವ್ರು ಸಣ್ ಕೂಸಿಗೇ ನೀರು ಹಾಕ್ತಾರ, ಕ್ಯಾಥೊಲಿಕರೂ ಹಂಗೇ. ಈ ಸಭೆಯಾಗ ತಾನೇ ನಂಬಿ ಬಂದೋರಿಗೆ ಮಾತ್ರ, ಅದೂ ಪೂರಾ ಮುಳುಗಿಸೇ ಕೊಡ್ತಾರ, ಆದ್ರ ಆ ಮಂದಿಗೆ ಒಂದ್ ಕೆಟ್ಟ ಮಾತು ಆಡ್ಲಿಲ್ಲ. ಮೊದಲಿನ ಕಾಲದ ಸಭೆಯ ಒಂದು ಬರಹದಾಗೂ ಹರಿಯೋ ನೀರು ಸಿಗ್ಲಿಲ್ಲಂದ್ರ ಬ್ಯಾರೆ ನೀರು, ಅದೂ ಸಾಲ್ಲಿಲ್ಲಂದ್ರ ತಲಿ ಮ್ಯಾಲ ಮೂರು ಸಲ ಹಾಕ್ರಿ ಅಂತ ಅದ. ನೀರು ಎಷ್ಟು ಅಂತ ಜಗಳಾಡಿ ಸಭೆ ಒಡಿಯೋದು ನನಗಂತೂ ಸರಿ ಕಾಣಂಗಿಲ್ಲ.

ಪಾಸ್ಟರ್ ಇನ್ನೊಂದು ವಿಷಯಾನೂ ಮುಚ್ಚಿಡ್ಲಿಲ್ಲ. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನೋದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಿಗೆ ಇಲ್ಲ, ನಿಮ್ಮ ಜಾತಿ ಸರ್ಟಿಫಿಕೇಟಿನ ಮ್ಯಾಲ ಅದರ ಪರಿಣಾಮ ಆಗ್ತದ, ಮನ್ಯಾಗ ಕೂತು ಮಾತಾಡ್ಕೊಂಡು ಬರ್ರಿ ಅಂತ ಸ್ಪಷ್ಟ ಹೇಳಿದ್ರು. ಆ ಹುಡುಗ ಇನ್ನೂ ವಿಚಾರ ಮಾಡ್ತೀನಿ ಅಂತ ಈ ಸಲ ನಿಂತ, ಯಾರೂ ಒತ್ತಾಯ ಮಾಡ್ಲಿಲ್ಲ, ಈಗೂ ಆರಾಧನೆಗೆ ಬರ್ತಾನ.

ದೀಕ್ಷಾಸ್ನಾನದ ದಿನ ಸಭೆ ಹಿಂದಿನ ಸಿಮೆಂಟ್ ತೊಟ್ಟಿಗೆ ಟ್ಯಾಂಕರ್ ನೀರು ಬಿಡಿಸಿದ್ರು, ಎದಿ ಮಟ. ಪಾಸ್ಟರ್ ಒಂದ್ ಕೈಲೆ ಮೂಗಿಗೆ ಕರ್ಚೀಫ್ ಹಿಡಿದು, ಇನ್ನೊಂದ್ ಕೈ ಕುತ್ತಿಗಿ ಹಿಂದ ಇಟ್ಟು, ಯೇಸು ಕ್ರಿಸ್ತನೇ ನಿನ್ನ ರಕ್ಷಕ ಅಂತ ನಂಬ್ತಿಯೇನವ್ವಾ ಅಂತ ಕೇಳಿ, ನಂಬ್ತೀನಿ ಅಂದ ಮ್ಯಾಲೇ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನ್ಯಾಗ ಹಿಂದಕ್ಕ ಬಗ್ಗಿಸಿ ಎತ್ತಿದ್ರು. ಚಿಕ್ಕಮ್ಮಗ ನೀರಂದ್ರ ಅಂಜಿಕಿ, ಅದ್ಕ ಪಾಸ್ಟರಮ್ಮನೂ ತೊಟ್ಟಿಯಾಗ ಇಳಿದು ಆಕಡಿ ಕೈ ಹಿಡ್ಕೊಂಡು ನಿಂತ್ರು. ಸುತ್ತ ನಿಂತೋರೆಲ್ಲ ಚಪ್ಪಾಳಿ, ಹಲ್ಲೆಲೂಯಾ. ಆಮ್ಯಾಲ ಕರ್ತನ ಭೋಜನ, ಅಂದ್ರ ಯೇಸುನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು.

ಸ್ಟಾರ್ ಹಿಡ್ದಿದ್ದು ಇದ್ಕ. ಹೆಣ್ಮಕ್ಕಳಿಗೆ ಬಟ್ಟಿ ಬದಲಿಸಾಕ ಒಂದೇ ರೂಮು, ಅದ್ರ ಚಿಲಕ ಸರಿ ಇಲ್ಲ, ಹೊರಗ ಒಬ್ಬಾಕಿ ಬಾಗಿಲಾ ಹಿಡ್ಕೊಂಡು ನಿಲ್ಲಬೇಕಾಯ್ತು. ಮತ್ತ ಹಸಿ ಬಟ್ಟಿಮ್ಯಾಲ ಇರೋರ ಫೋಟೋ ತೆಗೆದು ಸಭೆ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ರು, ಕೇಳ್ದೇನೇ, ಮನಿಯವ್ರಿಗೆ ಇನ್ನೂ ಹೇಳ್ದೇ ಇದ್ದೋರೂ ಅದ್ರಾಗ ಇದ್ರು. ಹೇಳಿದ ಮ್ಯಾಲ ತೆಗೆದ್ರು, ಆದ್ರ ಮೊದಲೇ ಕೇಳಬೇಕಿತ್ತು.

ಹೋಗೋರು ಗಾಢ ಬಣ್ಣದ ಚೂಡಿದಾರ ಉಟ್ಕೊಂಡು ಹೋಗ್ರಿ, ಬಿಳಿ ಬಟ್ಟಿ ತೋಯ್ದ್ರ ಮೈ ಕಾಣ್ತದ, ಸೀರಿ ಉಟ್ರ ಪಿನ್ ಜಾಸ್ತಿ ಹಾಕ್ರಿ. ಟಾವೆಲ್ ಅಲ್ಲಿ ಕೊಡಂಗಿಲ್ಲ. ಹೆಸರು ಬರೆಸೋದು ಆದಿತ್ಯವಾರ ಆರಾಧನೆ ಮುಗಿದ ಮ್ಯಾಲ, ಪಾಸ್ಟರಮ್ಮನ ಹತ್ರ.