ನೆಟ್‌ಎಂಎಚ್‌ಸಿಪ್ಯಾನ್ 4.1: ಪೆಪ್ಟೈಡ್ ಕೂರುವವರೆಗೆ ನಂಬಬಹುದು

ವೈರಸ್ಸಿನ ಪ್ರೋಟೀನೊಂದರಲ್ಲಿ ಟಿ ಕೋಶಗಳ (ಸೋಂಕಿತ ಕೋಶಗಳನ್ನು ಗುರುತಿಸುವ ರೋಗನಿರೋಧಕ ಕೋಶಗಳ) ಕಣ್ಣಿಗೆ ಬೀಳಬಲ್ಲ ತುಣುಕು, ಅಂದರೆ ಪೆಪ್ಟೈಡ್, ಯಾವುದೆಂದು ಹುಡುಕುವವರು ಮೊದಲು ತೆರೆಯುವ ಜಾಲಸೇವೆಗಳಲ್ಲಿ ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ಎಂಎಚ್‌ಸಿಪ್ಯಾನ್ ಒಂದು. ಇದರ 4.1ನೇ ಆವೃತ್ತಿಯ ವಿವರ 2020ರಲ್ಲಿ ಪ್ರಕಟವಾಯಿತು. ಅಮೈನೊ ಆಮ್ಲಗಳ ಸರಣಿಯನ್ನು ಅಂಟಿಸಿ, ಎಚ್‌ಎಲ್‌ಎ (ಪೆಪ್ಟೈಡನ್ನು ಹಿಡಿದು ಟಿ ಕೋಶಕ್ಕೆ ತೋರಿಸುವ ಎಂಎಚ್‌ಸಿ ಅಣುವಿನ ಮಾನವ ರೂಪ) ಮಾದರಿಯನ್ನೂ ಪೆಪ್ಟೈಡಿನ ಉದ್ದವನ್ನೂ ಆರಿಸಿದರೆ ಸಾಕು; ಪ್ರೋಗ್ರಾಮಿಂಗ್ ಬಾರದ ವಿದ್ಯಾರ್ಥಿಯೂ ಇದನ್ನು ಬಳಸಬಹುದು.

ಪರೀಕ್ಷಿಸಲೆಂದು ಇನ್‌ಫ್ಲುಯೆಂಜಾ ವೈರಸ್ಸಿನ ಎಂ1 ಪ್ರೋಟೀನನ್ನು ಎಚ್‌ಎಲ್‌ಎ-ಎ*02:01ರೊಂದಿಗೆ ಕೊಟ್ಟೆ. 58ರಿಂದ 66ನೇ ಸ್ಥಾನದವರೆಗಿನ ಜಿಐಎಲ್‌ಜಿಎಫ್‌ವಿಎಫ್‌ಟಿಎಲ್ ಎಂಬ ಪ್ರಸಿದ್ಧ ತುಣುಕಿನ ಎದುರು ‘ಎಸ್‌ಬಿ’, ಅಂದರೆ ಬಲವಾಗಿ ಅಂಟಿಕೊಳ್ಳುವಂಥದ್ದು ಎಂಬ ಗುರುತು ಬಂತು. ಎರಡನೆಯ ಐಸೊಲ್ಯೂಸಿನ್ ಮತ್ತು ಒಂಬತ್ತನೆಯ ಲ್ಯೂಸಿನ್ ಆ ಎಚ್‌ಎಲ್‌ಎ ಅಣುವಿನ ಗುಳಿಗಳಲ್ಲಿ ಚೆನ್ನಾಗಿ ಕೂರುತ್ತವೆ. ಸಹಜ ಪೆಪ್ಟೈಡುಗಳ ದೊಡ್ಡ ರಾಶಿಯೊಡನೆ ಹೋಲಿಸಿದಾಗ ಶೇಕಡಾ ರ್‍ಯಾಂಕ್ 0.5ರ ಒಳಗಿದ್ದರೆ ಬಲವಾದದ್ದು, 2ರ ಒಳಗಿದ್ದರೆ ದುರ್ಬಲವಾದದ್ದು ಎಂಬುದು ಇಲ್ಲಿನ ಲೆಕ್ಕ.

ಪ್ರಯೋಗಾಲಯದಲ್ಲಿ ಅಳೆದ ಬಂಧನಶಕ್ತಿಯ ಜೊತೆಗೆ, ಜೀವಕೋಶಗಳ ಎಂಎಚ್‌ಸಿ ಅಣುಗಳಿಂದ ಬೇರ್ಪಡಿಸಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಗುರುತಿಸಿದ ಪೆಪ್ಟೈಡುಗಳಿಂದಲೂ ಈ ಗಣಕ ಮಾದರಿ ಕಲಿತಿರುವುದು ಇದರ ದೊಡ್ಡ ಬಲ. ಎಂಎಚ್‌ಸಿ ಅಣುವಿನಲ್ಲಿ ಪೆಪ್ಟೈಡಿಗೆ ತಾಗುವ 34 ಸ್ಥಾನಗಳನ್ನು ಓದಿಯೇ ಊಹಿಸುವುದರಿಂದ, ಪ್ರಯೋಗದ ದತ್ತಾಂಶ ಕಡಿಮೆಯಿರುವ ಎಚ್‌ಎಲ್‌ಎ ಮಾದರಿಗಳಿಗೂ ಉತ್ತರ ಕೊಡುತ್ತದೆ. ಭಾರತೀಯರಲ್ಲಿ ಸಾಮಾನ್ಯವಾದ ಎ*02:11ರಂಥವುಗಳ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ.

ಫಲಿತಾಂಶದ ಪುಟ ಮಾತ್ರ ಹೊಸಬರಿಗೆ ಕಷ್ಟ. ‘ಜಿಪಿ’, ‘ಜಿಎಲ್’, ‘ಐಪಿ’, ‘ಐಎಲ್’ ಎಂಬ ಕಾಲಂಗಳು ಏನೆಂದು ತಿಳಿಯಲು ಸೂಚನೆಗಳ ಪುಟಕ್ಕೆ ಹೋಗಲೇಬೇಕು.

ಇದಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. ಪೆಪ್ಟೈಡ್ ಗುಳಿಯಲ್ಲಿ ಕೂತೀತೇ ಎಂಬುದನ್ನು ಈ ಸೇವೆ ಹೇಳುತ್ತದೆ. ಕೂತದ್ದನ್ನು ಟಿ ಕೋಶ ಗುರುತಿಸೀತೇ ಎಂಬುದನ್ನು ಹೇಳುವುದಿಲ್ಲ. ಮೇಲಿನ ಎಂ1 ತುಣುಕನ್ನು ಗುರುತಿಸುವ ಹಲವು ಟಿ ಕೋಶಗ್ರಾಹಕಗಳ (ಟಿ ಕೋಶದ ಮೇಲಿನ, ಎರಡು ಸರಪಳಿಗಳ ಪ್ರೋಟೀನುಗಳ) ಬೀಟಾ ಸರಪಳಿಯಲ್ಲಿ ಅರ್ಜಿನಿನ್–ಸೆರಿನ್ ಜೋಡಿ ಮತ್ತೆಮತ್ತೆ ಕಾಣುತ್ತದೆ, ಆದರೆ ಅದರ ಸುಳಿವು ಈ ಪಟ್ಟಿಯಲ್ಲಿ ಇರಲು ಸಾಧ್ಯವಿಲ್ಲ. ಅದಕ್ಕೆಂದೇ ಅದೇ ವಿಶ್ವವಿದ್ಯಾಲಯದವರು ರೂಪಿಸಿದ ನೆಟ್‌ಟಿಸಿಆರ್ ಗ್ರಾಹಕದ ಸರಣಿಯನ್ನೂ ಕೇಳುತ್ತದೆ; ಗ್ರಾಹಕಗಳು ಸಾಕಷ್ಟು ತಿಳಿದಿರುವ ಪೆಪ್ಟೈಡುಗಳಲ್ಲಿ ಚೆನ್ನಾಗಿ ನಡೆಯುವ ಅದು, ಹಿಂದೆಂದೂ ಕಾಣದ ಪೆಪ್ಟೈಡ್ ಎದುರಾದರೆ ಎಡವುತ್ತದೆ.

ಹೀಗಾಗಿ ‘ಎಸ್‌ಬಿ’ ಗುರುತನ್ನು ಲಸಿಕೆಗೆ ಸಿಕ್ಕ ಒಪ್ಪಿಗೆ ಎಂದು ಓದಬೇಡಿರೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ಪಟ್ಟಿಯ ಮೇಲ್ತುದಿಯ ಕೆಲವೇ ಪೆಪ್ಟೈಡುಗಳನ್ನು ತರಿಸಿ, ದಾನಿಗಳ ರಕ್ತಕೋಶಗಳ ಜೊತೆ ಎಲಿಸ್ಪಾಟ್ ಪರೀಕ್ಷೆ (ಪ್ರತಿಕ್ರಿಯಿಸುವ ಟಿ ಕೋಶಗಳನ್ನು ಎಣಿಸುವ ವಿಧಾನ) ಮಾಡಿ ನೋಡುವಾಗ, ಯಾವ ಪೆಪ್ಟೈಡಿನಿಂದ ಆರಂಭಿಸಬೇಕೆಂದು ತೀರ್ಮಾನಿಸಲು ಈ ಸೇವೆಯನ್ನೇ ನೆಚ್ಚಿಕೊಂಡಿದ್ದೇನೆ.